ಫುಟ್‌ಬಾಲಿನಿಂದ ಬಂದ ಒಂದು ಅಡ್ಮಿಶನ್

ಏನೂ ಗೊತ್ತಿಲ್ಲದಿರುವುದು ಕೂಡ ಒಂದು ಅರ್ಹತೆ ಎಂದು ನನಗೆ ತಿಳಿದದ್ದು ನಿಪ್ಪಾಣಿಯ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದಾಗ. ಎಂಬತ್ತರ ದಶಕದ ಕೊನೆಯ ವರ್ಷಗಳವು. ನನ್ನ ತರಗತಿಯಲ್ಲಿ ಏಳು ಜನ. ಅವರಲ್ಲಿ ಇಬ್ಬರು ಹಾಜರಿ ಹೇಳಿದ ಮೇಲೆ ಕಿಟಕಿಯಿಂದ ಹೊರಗೆ ಹೋಗುತ್ತಿದ್ದರು. ಬಾಗಿಲಲ್ಲಿ ನಾನು ನಿಂತಿರುತ್ತಿದ್ದೆನಲ್ಲ, ಪಾಪ, ನನಗೆ ಬೇಜಾರಾಗಬಾರದೆಂದು ಅವರ ಲೆಕ್ಕ. ಮುಂದಿನ ವರ್ಷ ಹತ್ತು ಹೆಸರು ಬರದಿದ್ದರೆ ಇತಿಹಾಸ ವಿಭಾಗ ಮುಚ್ಚುವುದೆಂದು ಆಡಳಿತ ಮಂಡಳಿ ಹೇಳಿತ್ತು. ವಿಭಾಗವೆಂದರೆ ನಾನೊಬ್ಬನೇ.

ಆಗ ನಮ್ಮ ಪ್ರಾಚಾರ್ಯರು ಕೊಲ್ಲಾಪುರಕ್ಕೆ ಮದುವೆಗೆ ಹೋದವರು ಅಲ್ಲೊಂದು ಫುಟ್‌ಬಾಲ್ ಪಂದ್ಯ ನೋಡಿಕೊಂಡು ಬಂದರು. ಜನ ಮರ, ಗೋಡೆ, ಮಾಳಿಗೆ ಒಂದನ್ನೂ ಬಿಟ್ಟಿರಲಿಲ್ಲವಂತೆ. ಮರುದಿನ ನನ್ನನ್ನು ಕರೆದರು.

"ದೇಸಾಯರ, ನಮ್ಮ ಹುಡುಗೂರು ಕೊಲ್ಲಾಪುರಕ್ಕ ಯಾಕ ಹೋಗ್ತಾರ ಗೊತ್ತೈತೇನ್ರಿ? ಫುಟ್‌ಬಾಲ್! ನಾವೂ ಒಂದು ಟೀಮ್ ಮಾಡೂಣು. ಒಂದು ಕಪ್ ಬಂದ್ರ ಸಾಕು, ಅಡ್ಮಿಶನ್ನಿಗೆ ಪಾಳಿ ಹಚ್ತಾರ. ಮ್ಯಾನೇಜರ್ ನೀವ ಆಗ್ರಿ."

"ನನಗ ಆ ಆಟದ ಗಂಧಾನೂ ಇಲ್ರಿ ಸರ."

"ಪುರಸೊತ್ತಂತೂ ಐತಲ್ರಿ?"

ಹೀಗೆ ನಾನು ಮ್ಯಾನೇಜರನಾದೆ. ಹುಡುಗರು ತಾವೇ ಕಲಿತರು, ನಾನು ವಿರಾಮದಲ್ಲಿ ಅವರಿಗೆ ಕೊಡಲು ನಿಂಬೆಹಣ್ಣು ಹೆಚ್ಚುವುದನ್ನು ಕಲಿತೆ. ತಂಡಕ್ಕೆ ಜೀವ ಇದ್ದದ್ದು ಗೋಲ್‌ಕೀಪರ್ ಬಾಹುಬಲಿಯಿಂದ. ಬೋರಗಾಂವದವನು. ಮನೆಯಲ್ಲಿ ಎರಡು ಪವರ್‌ಲೂಮ್ ಮಗ್ಗ. ಬೆಳಿಗ್ಗೆ ಮಗ್ಗದ ಮುಂದೆ ನಿಂತು, ತಲೆಗೂದಲಲ್ಲಿ ಹತ್ತಿಯ ಎಳೆ ಹೊತ್ತುಕೊಂಡೇ ಕ್ಲಾಸಿಗೆ ಬರುತ್ತಿದ್ದ. ನನ್ನ ಏಳು ಜನರಲ್ಲಿ ಒಬ್ಬ, ಬಾಗಿಲಿನಿಂದಲೇ ಹೋಗುವವನು.

ಆ ಚಳಿಗಾಲದಲ್ಲಿ ನಮ್ಮೂರಲ್ಲೇ ಪಂದ್ಯಾವಳಿ ನಡೆದು, ನಾವು ಹೇಗೋ ಫೈನಲಿಗೆ ಬಂದೆವು. ಎದುರಿಗೆ ಬೆಳಗಾವಿಯ ತಂಡ. ನಮ್ಮದು ಒಂದು ಗೋಲು, ಅವರದು ಇಲ್ಲ. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರಾಳಿಯ ಬೂಟು ಬಾಹುಬಲಿಯ ಬಲಗೈ ಮೇಲೆ ಬಿತ್ತು. ಬೆರಳು ಹಿಡಿದುಕೊಂಡು ಗೆರೆಯ ಹತ್ತಿರ ಬಂದ. ಎರಡು ಬೆರಳು ಬದನೆಕಾಯಿಯಂತೆ ಊದಿದ್ದವು. ಬದಲಿ ಕೀಪರ್ ಇದ್ದ, ಚೆಂಡು ಬಂದರೆ ಕಣ್ಣು ಮುಚ್ಚುವವನು. ಪ್ರಾಚಾರ್ಯರು ಹಿಂದಿನಿಂದ, "ಇವ ಹೊರಗ ಬಂದ್ರ ಮುಗೀತ್ರಿ ದೇಸಾಯರ" ಎಂದರು. ನಾನು ಹತ್ತು ಹೆಸರನ್ನು ನೆನೆದೆ.

"ಇನ್ನ ಹತ್ತ ನಿಮಿಷ ಅಷ್ಟ ಉಳದೈತಿ. ನಿಭಾಯಿಸ್ತೀಯೇನಪಾ?"

"ನಿಭಾಯಿಸ್ತೀನ್ರಿ ಸರ."

ಮೇಷ್ಟರು ಕೇಳಿದರೆ ಒಲ್ಲೆ ಎನ್ನುವುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ನಾನಂತೂ ಕಲಿಸಿರಲಿಲ್ಲ. ಆದರೆ ಉಳಿದದ್ದು ಹತ್ತು ನಿಮಿಷವಲ್ಲ, ಅರ್ಧ ಗಂಟೆಗೂ ಮೇಲೆ. ಇಡೀ ಆಟ ಒಂದು ತಾಸಿನದು ಎಂದು ನಾನು ತಿಳಿದಿದ್ದೆ. ಅವನು ಪ್ರತಿ ಸಲ ಚೆಂಡು ತಡೆದು ಏಳುವಾಗ ನನ್ನ ಕಡೆ ನೋಡುತ್ತಿದ್ದ. ನಾನು ಗಡಿಯಾರ ನೋಡುತ್ತಿದ್ದೆ. ಕಪ್ ಬಂತು. ಪ್ರಾಚಾರ್ಯರನ್ನು ಹುಡುಗರು ಹೆಗಲ ಮೇಲೆ ಹೊತ್ತರು. ನಾನು ಬಾಹುಬಲಿಯ ಜೊತೆ ದವಾಖಾನೆಗೆ ಹೋದೆ. ಡಾಕ್ಟರು ಬೆರಳು ನೋಡಿ, "ಇದ್ರ ಮ್ಯಾಲೆ ಆಡಿಸಿದವ್ರು ಯಾರ್ರಿ?" ಎಂದು ಕೇಳಿದರು. ನಾನು ಗೋಡೆಗಿದ್ದ ಕ್ಯಾಲೆಂಡರ್ ಓದಿದೆ.

ಬೆರಳು ಸೆಟೆದುಕೊಂಡವು. ಪೆನ್ನು ಹಿಡಿಯಲಾಗದೆ ಅವನು ಪರೀಕ್ಷೆಗೆ ಕೂರಲಿಲ್ಲ, ಆಮೇಲೆ ಕಾಲೇಜಿಗೂ ಬರಲಿಲ್ಲ.

ಜೂನ್‌ನಲ್ಲಿ ಜನ ನಿಜವಾಗಿಯೂ ಪಾಳಿ ಹಚ್ಚಿದರು. ಕಪ್ಪನ್ನು ಆಫೀಸಿನ ಬಾಗಿಲಲ್ಲೇ ಸ್ಟೂಲಿನ ಮೇಲೆ ಇಟ್ಟಿದ್ದರು. ಫಾರ್ಮು ತುಂಬಿಸುವ ಮೇಜಿನಲ್ಲಿ ಕೂತ ನಾನು ಚಟಕ್ಕೆ ಒಬ್ಬೊಬ್ಬರನ್ನೂ ವಿಚಾರಿಸಿದೆ. ಒಬ್ಬನ ಊರಿಗೆ ಹೊಸ ಬಸ್ಸು ಬಿಟ್ಟಿದ್ದರು. ಒಬ್ಬನಿಗೆ ಕೊಲ್ಲಾಪುರದಲ್ಲಿ ಸೀಟು ಸಿಕ್ಕಿರಲಿಲ್ಲ. ಒಬ್ಬಳ ಸೋದರಮಾವನ ಮನೆ ಕಾಲೇಜಿನ ಹಿಂದೆಯೇ ಇತ್ತು.

"ಮತ್ತ ಫುಟ್‌ಬಾಲ್?" ಎಂದರೆ, ಒಬ್ಬ ಕಪ್ಪಿನ ಮೇಲೆ ಕೈ ಊರಿಕೊಂಡೇ, "ಇಲ್ಲಿ ಫುಟ್‌ಬಾಲ್ ಐತೇನ್ರಿ?" ಎಂದ.

ಬಂದವರು ಹೆಚ್ಚಾಗಿ ಕಾಮರ್ಸಿಗೆ. ಇತಿಹಾಸಕ್ಕೆ ಒಂಬತ್ತು ಹೆಸರು, ಒಂದು ಕಡಿಮೆ. ಪ್ರಾಚಾರ್ಯರು ಮಾತ್ರ ಸಭೆಯಲ್ಲಿ, ಇದೆಲ್ಲ ಕಪ್ಪಿನ ಪ್ರತಾಪವೆಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡರು. ನಾನೂ ಹೊಡೆದೆ.

ಅಡ್ಮಿಶನ್ನಿನ ಕೊನೆಯ ದಿನ ಬಾಹುಬಲಿ ಬಂದ, ತಂಗಿ ಪದ್ಮಾಳನ್ನು ಕರೆದುಕೊಂಡು. ಎಡಗೈಯಿಂದ ನಮಸ್ಕಾರ ಮಾಡಿದ.

"ಮಗ್ಗದ ಕೆಲಸ ಹೆಂಗ ನಡದೈತೋ?"

"ನಡದೈತ್ರಿ. ನೂಲ ಹರದ್ರ ಗಂಟ ಹಾಕಾಕ ಬರಂಗಿಲ್ಲ ಅಷ್ಟ. ಅವ್ವ ಬಂದು ಹಾಕ್ತಾಳ."

ನಾನು ಒಂದು ಫಾರ್ಮು ಎಳೆದುಕೊಂಡು, ಉಳಿದವರಿಗೆ ಕೇಳಿದ್ದನ್ನೇ ಇವನಿಗೂ ಕೇಳಿದೆ: ಈಕೆಗೆ ಈ ಕಾಲೇಜೇ ಯಾಕೆ?

"ಅವತ್ತ ಮ್ಯಾಚ್ ಮುಗದ ಮ್ಯಾಲೆ ನೀವ ದವಾಖಾನಿಗೆ ಬಂದಿದ್ರಲ್ರಿ. ಅಪ್ಪಾ ಅಂದ್ರು, ಅಂಥಾ ಕಾಳಜಿ ಮಾಡೋ ಸರ ಅದಾರ, ಹುಡುಗೀನ್ನ ಅಲ್ಲೇ ಹಚ್ಚು ಅಂತ." ದನಿ ಇಳಿಸಿ, "ಒಂದ ಮಾತ್ರಿ ಸರ. ಆಟಕ್ಕ ಮಾತ್ರ ಈಕಿ ಹೆಸರ ಹಚ್ಚಬ್ಯಾಡ್ರಿ" ಎಂದ.

ಅಣ್ಣನಿಗೆ ಬರೆಯಲಾಗದು, ತಂಗಿಗೆ ಸಂಕೋಚ. ಫಾರ್ಮನ್ನು ನಾನೇ ತುಂಬಿದೆ. ಹೆಸರು, ಊರು, ತಂದೆಯ ಹೆಸರು. ವಿಷಯದ ಖಾನೆ ಬಂದಾಗ ತಲೆಯೆತ್ತಿ ಯಾವುದು ಬೇಕೆಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು.

"ನಮಗೇನ್ ತಿಳೀತೈತ್ರಿ. ಆಕಿಗೆ ಚಲೋ ಆಗೂದು ಯಾವದಿರತೈತಿ, ನೀವ ಬರೀರಿ ಸರ."

ಒಂದು ಕ್ಷಣವಾದರೂ ಯೋಚಿಸಿದೆ ಎಂದು ನಿಮಗೆ ಹೇಳಬಹುದಿತ್ತು. ಯೋಚಿಸಲಿಲ್ಲ. ದುಂಡಗಿನ ಅಕ್ಷರದಲ್ಲಿ ಇತಿಹಾಸ ಎಂದು ಬರೆದೆ.