ಅಳಿಯನ ವಾಲ್ವು ಊಳಿಟ್ಟಿದ್ದು

ಹೆಂಡತಿಯ ತವರಿನಲ್ಲಿ ಗಂಡಸಾದವನು ತನ್ನ ಕಸುಬಿನ ಬಗ್ಗೆ ಬಾಯಿ ಬಿಡಬಾರದು. ಈ ಬುದ್ಧಿ ನನಗೆ ಬರುವ ಹೊತ್ತಿಗೆ ಕಾಲ ಮಿಂಚಿತ್ತು. ತುಮಕೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ, ಗೇಟ್ ವಾಲ್ವಿನ ಒಳಗೆ ನೀರು ಹಾಯುವ ದಾರಿಯನ್ನು ಡಿಸೈನ್ ಮಾಡುವುದು ನನ್ನ ಕೆಲಸ. ಮೇಲಿನ ಚಕ್ರ ತಿರುಗಿಸಿದರೆ ಒಳಗಿನ ಬಾಗಿಲು ಪೂರ್ತಿ ಮೇಲೇಳಬೇಕು, ನಡುವೆ ವಾಲ್ವ್ ಇತ್ತು ಅನ್ನುವುದೇ ಗೊತ್ತಾಗದ ಹಾಗೆ ನೀರು ಸರಾಗವಾಗಿ ಸಾಗಬೇಕು. ಮದುವೆಯ ಹೊಸತರಲ್ಲಿ ಇದನ್ನು ಅತ್ತೆಗೆ ಬಹಳ ಶ್ರದ್ಧೆಯಿಂದ ವಿವರಿಸಿದ್ದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, "ನೀರಿಗೆ ದಾರಿ ತೋರ್ಸಕ್ಕೂ ಸಂಬಳ ಕೊಡ್ತಾರಾ?" ಎಂದು ಮಗಳ ಮುಖ ನೋಡಿದರು.

ಆ ಅವಮಾನ ತೀರಿಸಿಕೊಳ್ಳಲು ಹೋಗಿಯೇ ನಾನು ಕೆಟ್ಟೆ. ಗುಬ್ಬಿ ತಾಲ್ಲೂಕಿನ ಕಡಬದ ಪಕ್ಕದಲ್ಲಿರುವ ಮಾವನ ಊರಿನಲ್ಲಿ, ಕೆಳಗಿನ ಬೀದಿಗೆ ತಿರುಗುವ ನೀರಿನ ಪೈಪಿಗೆ ಹೊಸ ವಾಲ್ವ್ ಬೇಕಾಯಿತು. ನಾನೇ ಮುಂದೆ ಬಿದ್ದು, ನನ್ನ ಡಿಸೈನಿನ ವಾಲ್ವನ್ನೇ ಹಾಕಿಸಿದೆ. ಮಾವ ಊರಿಗೆಲ್ಲ ಹೇಳಿಕೊಂಡು ಬಂದರು. ಸ್ವಲ್ಪ ದಿನಕ್ಕೆ ಅವರದೇ ಫೋನು: "ಅಳಿಯಂದ್ರೇ, ನಿಮ್ ವಾಲ್ವು ಊಳಿಡ್ತೈತೆ. ನಾಯಿಗಳೂ ಜೊತೆಗೆ ಶುರು ಮಾಡ್ಕಂತವೆ. ಊರಿಗೆ ಅಪಶಕುನ ಅಂತಾವ್ರೆ."

ಹೋಗಿ ನೋಡಿದರೆ ಬಾಗಿಲನ್ನು ಅರ್ಧಕ್ಕೆ ನಿಲ್ಲಿಸಿದ್ದಾರೆ! ಗೇಟ್ ವಾಲ್ವನ್ನು ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧಕ್ಕೆ ನಿಲ್ಲಿಸಿದರೆ ನೀರು ಬಾಗಿಲಿಗೆ ಬಡಿದು, ಅದು ಗಡಗಡ ನಡುಗಿ ಊಳಿಡುತ್ತದೆ, ಕೊನೆಗೆ ಸವೆದುಹೋಗುತ್ತದೆ. ಅಷ್ಟು ಅಕ್ಕರೆಯಿಂದ ನುಣುಪು ಮಾಡಿದ ದಾರಿಯ ಗತಿ ಇದಾದರೆ ನಾನು ಇನ್ನೂ ಯಾಕೆ ಕೆಲಸಕ್ಕೆ ಹೋಗಬೇಕು ಅನ್ನಿಸಿತು. ಊರಿಗೆ ನೀರು ಬಿಡುವ ನೀರುಗಂಟಿ ಸಿದ್ದಣ್ಣನನ್ನು ತರಾಟೆಗೆ ತೆಗೆದುಕೊಂಡೆ. ಅವನಿಗೆ ಬೇಜಾರೇ ಆಗಲಿಲ್ಲ. "ಪೂರ್ತಿ ಬುಟ್ರೆ ನೀರೆಲ್ಲ ಕೆಳಗಿನ ಬೀದಿಗೇ ಹೋಗ್ತೈತೆ, ಮೇಲಿನ ಬೀದಿಯವ್ರು ಹೊಡೀತಾರೆ. ಮುಚ್ಚಿದ್ರೆ ಕೆಳಗಿನವ್ರು ಹೊಡೀತಾರೆ. ಅರ್ಧ ಇಟ್ರೆ ಇಬ್ರೂ ಬರೀ ಬಯ್ತಾರೆ ಸಾ" ಅಂದ.

ಸರದಿ ಮಾಡಿಕೊಳ್ಳಿ ಎಂದೆ, ಬೆಳಿಗ್ಗೆ ಒಂದು ಬೀದಿಗೆ, ಸಂಜೆ ಇನ್ನೊಂದಕ್ಕೆ. ಅರಳಿಕಟ್ಟೆಯ ಹತ್ತಿರ ಎರಡೂ ಬೀದಿಯವರು ಸೇರಿದರು. ಬೆಳಗಿನ ನೀರು ಇಬ್ಬರಿಗೂ ಬೇಕು, ಸಂಜೆಯದು ಯಾರಿಗೂ ಬೇಡ. ಮಾತಿಗೆ ಮಾತು ಬೆಳೆಯಿತು. ಅರ್ಧಕ್ಕೆ ಇಡುವುದಕ್ಕೆಂದೇ ಬೇರೆ ಜಾತಿಯ ವಾಲ್ವ್ ಬರುತ್ತದೆ ಎಂದು ನಾನು ಬಾಯಿ ತಪ್ಪಿ ಅಂದುಬಿಟ್ಟೆ. "ಮತ್ತೆ ಇದನ್ಯಾಕೆ ಹಾಕ್ಸಿದ್ರಿ?" ಎಂದರು ಮಾವ, ಎಲ್ಲರ ಎದುರಿಗೆ. ಅತ್ತೆಗೆ ತೋರಿಸಲಿಕ್ಕೆ ಎಂದು ಊರಿನೆದುರು ಹೇಳಲಾದೀತೇ? ಅಷ್ಟರಲ್ಲಿ ತುಮಕೂರಿನ ಬಟವಾಡಿಯ ನಮ್ಮ ಮನೆಯಿಂದ ಹೆಂಡತಿಯ ಫೋನು. "ರೀ, ನಮ್ಮಮ್ಮನ ಮನೆ ಇರೋದು ಕೆಳಗಿನ ಬೀದೀಲಿ. ಜ್ಞಾಪಕ ಇರ್ಲಿ."

ಊರಿಗೆ ಊರೇ ನನ್ನ ಮುಖ ನೋಡುತ್ತಿತ್ತು. ವಾಲ್ವಿನ ಗುಂಡಿಗೆ ಇಳಿದೆ. ನಾನೊಬ್ಬ ಇಂಜಿನಿಯರ್ ಎಂಬುದನ್ನು ದೇವರು ಒಂದು ಗಳಿಗೆ ಮರೆಯಲಿ ಎಂದುಕೊಂಡು ಚಕ್ರ ತಿರುಗಿಸಿ, ಸರಿಯಾಗಿ ಅರ್ಧಕ್ಕೆ ನಿಲ್ಲಿಸಿದೆ. ಯಾರೂ ಹೊಡೆಯಲಿಲ್ಲ.

ವಾಪಸು ಬರುವಾಗ ಬಸ್ಸು ಗುಬ್ಬಿ ದಾಟುವಷ್ಟರಲ್ಲಿ ಮಾವ ಫೋನ್ ಮಾಡಿದರು. ಬಹಳ ಖುಷಿಯಲ್ಲಿದ್ದರು. "ಊಳಿಡೋದು ಹಂಗೇ ಐತೆ ಅಳಿಯಂದ್ರೇ. ಆದ್ರೆ ಇನ್ಮೇಲೆ ಸಿದ್ದಣ್ಣನ್ನ ಯಾರೂ ಬಯ್ಯಂಗಿಲ್ಲ. ಇಂಜಿನಿಯರ್ರೇ ಕೈಯಾರೆ ಇಟ್ಟೋಗವ್ರೆ ಅಂತ ಎರಡು ಬೀದಿಗೂ ಹೇಳಿದೀನಿ. ದಿನಾ ಬೆಳಿಗ್ಗೆ ನಿಮ್ಮನ್ನೇ ನೆನುಸ್ಕಂತಾರೆ ಬುಡಿ."

ಏನಂತ ನೆನೆಸಿಕೊಳ್ಳುತ್ತಾರೆ ಎಂದು ನಾನು ಕೇಳಲಿಲ್ಲ.