ಅಕ್ಕ ಬರುವ ಸಂಭವ

ನಮ್ಮ ಭಾವನನ್ನು ಏನು ಬೇಕಾದರೂ ಕೇಳಿ, 'ಮಳೆ ಬರುತ್ತಾ?' ಎಂದು ಮಾತ್ರ ಕೇಳಬೇಡಿ! ಕೇಳಿದವರೆಲ್ಲ ಉತ್ತರ ಮುಗಿಯುವಷ್ಟರಲ್ಲಿ ನೆನೆದು ತೊಪ್ಪೆಯಾಗಿದ್ದಾರೆ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಗಣಿತ ಹೇಳುವ ಈ ಮಹಾನುಭಾವರ ತಲೆಗೆ ಸಂಭವನೀಯತೆಯ ಪಾಠ ಏರಿ ಕೂತಿದೆ. ಇಳಿಸುವವರು ಯಾರು?

ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಅಜ್ಜಿಯೊಬ್ಬಳು, "ಸಾ, ಯಳಂದೂರು ಬಸ್ಸು ಈಗ ಬತ್ತದಾ?" ಎಂದಳು.

"ನೋಡವ್ವ, ಸುಮ್ನೆ ಕೇಳುದ್ರೆ ಒಂದು ಉತ್ತರ. ಕುಂತೂರು ಸಕ್ಕರೆ ಫ್ಯಾಕ್ಟ್ರಿಗೋಗೋ ಕಬ್ಬಿನ ಟ್ರ್ಯಾಕ್ಟರ್ ರೋಡ್ಗೆ ಅಡ್ಡ ನಿಂತವೆ ಅಂತ ಗೊತ್ತಾದ್ಮೇಲೆ ಕೇಳುದ್ರೆ ಬ್ಯಾರೆ ಉತ್ತರ. ಇದ್ನೇ ಷರತ್ತುಬದ್ಧ ಸಂಭವನೀಯತೆ ಅನ್ನಾದು."

ಅಜ್ಜಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾಗಲೇ ಬಸ್ಸು ಬಂದು, ಜನರನ್ನು ಹತ್ತಿಸಿಕೊಂಡು, ಹೋಗಿಯೂ ಆಯಿತು!

ಇಂಥವರ ಜೊತೆ ನಮ್ಮಕ್ಕ ಬಾಳುವೆ ಮಾಡಿದ್ದೇ ದೊಡ್ಡದು. ಮದುವೆಯ ವಾರ್ಷಿಕೋತ್ಸವವೆಂದು ಪಾಯಸ ಬಡಿಸುತ್ತಾ, ಪಾಪ, "ಮುಂದಿನ ಜನ್ಮದಲ್ಲೂ ನನ್ನೇ ಕಟ್ಕತೀರಾ?" ಎಂದು ಕೇಳಿದ್ದಾಳೆ. ಹೂಂ ಅಂದರೆ ಗಂಟೇನು ಹೋಗುತ್ತಿತ್ತು?

"ಅದು ಸ್ವತಂತ್ರ ಘಟನೆ ಕಣಮ್ಮಿ. ಮೊದ್ಲು ಹೆಡ್ ಬಿತ್ತು ಅಂತ ಎರಡ್ನೇ ಸಲವೂ ಹೆಡ್ಡೇ ಬೀಳ್ಬೇಕಾ? ನಾಣ್ಯಕ್ಕೆ ನೆಪ್ಪಿರಾಕಿಲ್ಲ. ಆಗ್ಲೂ ಅರ್ಧ, ಈಗ್ಲೂ ಅರ್ಧ."

"ನಾನು ನಾಣ್ಯವಾ?" ಎಂದವಳೇ ಅಕ್ಕ ಬ್ಯಾಗು ಹಿಡಿದು ಹನೂರಿನ ನಮ್ಮ ಮನೆಗೆ ಬಂದುಬಿಟ್ಟಳು.

ಆಮೇಲೆ ಶುರುವಾಯಿತು ಭಾವನ ಫೋನು. "ನಿಮ್ಮಕ್ಕ ಇವತ್ತು ನಗ್ತಿದ್ಲಾ? ಹೂ ಮುಡ್ದವ್ಳಾ? ಕದ್ದು ಒಂದ್ ಫೋಟೊ ಕಳ್ಸ್ಲಾ!" ನಾನು ಕೊಡುವ ಒಂದೊಂದು ಉತ್ತರಕ್ಕೂ ಅಕ್ಕ ಬರುವ ಸಂಭವ ಏರುತ್ತಿತ್ತು, ಇಳಿಯುತ್ತಿತ್ತು. ಕೊನೆಗೆ ಪ್ರತಿ ಸಲವೂ, "ಮನೆ ಬಣಗುಡ್ತದೆ ಕಣ್ಲಾ" ಎಂದು ಫೋನಿಡುತ್ತಿದ್ದರು.

ಒಂದು ದಿನ ಭಾರಿ ಹುರುಪಿನಿಂದ, "ಲೇ, ಮದ್ವೆ ರೇಷ್ಮೆ ಸೀರೆ ಬೀರುವಲ್ಲೇ ಅದೆ! ಅದ್ನ ಬಿಟ್ಟೋದೋಳು ವಾಪಸ್ ಬರೋ ಸಂಭವ ಜಾಸ್ತಿ ಅಲ್ವಾ?" ಎಂದರು.

ಪಕ್ಕದಲ್ಲೇ ಇದ್ದ ಅಕ್ಕನಿಗೆ ಕೇಳಿಸಿತು. "ಅದ್ನೂ ತಂದ್ಕೊಡಾಕ್ ಹೇಳ್ಲಾ!" ಎಂದು ಕೂಗಿದಳು.

ಭಾನುವಾರ ಭಾವ ಬಂದರು. ಗಡ್ಡ ಬೆಳೆದಿತ್ತು. ಬಸ್ಸಿನಲ್ಲಿ ನಡುದಾರಿಯ ಕಾಮಗೆರೆವರೆಗೂ ನಿಂತೇ ಬಂದರಂತೆ, ಸೀರೆಯ ಕವರನ್ನು ಎದೆಗವಚಿಕೊಂಡು. ಒಳಗೆ ಕರೆದರೂ ಬಾರದೆ ಅಂಗಳದ ಬಿಸಿಲಲ್ಲೇ ನಿಂತರು.

ಅಕ್ಕ ಬಾಗಿಲಿಗೆ ಬಂದಳು. "ಸೀರೆಯೂ ಬಂತಲ್ಲ. ಈಗ ನಾ ಬರೋ ಸಂಭವ ಎಷ್ಟಾಯ್ತು, ಮೇಷ್ಟ್ರೇ?"

ಇನ್ನು ಪಾಠ ಶುರು ಎಂದು ನಾನು ನಗು ತಡೆದುಕೊಂಡೆ. ಭಾವ ಕವರನ್ನು ಮುಂದಕ್ಕೆ ಚಾಚಿದರು.

"ಕಮ್ಮಿಯಾಯ್ತು, ಗೊತ್ತು," ಎಂದರು. "ನೀ ಕೇಳ್ದ್ಯಲ್ಲ. ಅದ್ಕೇ ತಂದೆ. ನೀ ಕೇಳಿದ್ನ ತರ್ದೆ ಇರಾಕಾಗ್ನಿಲ್ಲ ಕಣಮ್ಮಿ."

ಅವರು ಚಾಚಿದ ಕವರನ್ನು ಅಕ್ಕ ಈಸಿಕೊಳ್ಳಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದು ನಿಮ್ ಕೈಲೇ ಇರ್ಲಿ, ವಾಪಸ್ ಒಯ್ಬೇಕಲ್ಲ," ಎಂದಳು. "ತಡೀರಿ, ಬ್ಯಾಗ್ ತಕಂಡ್ ಬತ್ತೀನಿ."