ಮಾವನ ಕಾರಿನ ನಡುಕ

ಕಾರು ಮಾವನದು, ಎದೆಬಡಿತ ಅಳಿಯನದು. ಒಂದು ದಿನದ ಮಟ್ಟಿಗೆಂದು ಕೇಳಿ ತಂದಿದ್ದ ಆ ಹಳೆಯ ಕಾರು, ಬೆಳಿಗ್ಗೆ ಮನೆಯ ಮುಂದೆ ಬ್ರೇಕ್ ಒತ್ತಿದ್ದೇ ತಡ, 'ಕಿರ್ರ್ರ್' ಎಂದು ಕಿರುಚಿ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಸ್ಟೇರಿಂಗ್ ನಡುಗಿತು, ಸೀಟು ನಡುಗಿತು, ಸೀಟಿನ ಮೇಲಿದ್ದ ಅಳಿಯನೂ ನಡುಗಿದ.

"ಅಪ್ಪನ ಮಿಕ್ಸಿ ಸುಟ್ಟಿದ್ದು ನೀವು, ಗೋಡೆ ಗಡಿಯಾರ ನಿಲ್ಲಿಸಿದ್ದು ನೀವು," ಎಂದಳು ಗೇಟಿನಲ್ಲಿ ನಿಂತಿದ್ದ ಹೆಂಡತಿ. "ಸಂಜೆ ಈ ಸದ್ದಿನ ಸಮೇತ ವಾಪಸ್ ಕೊಟ್ರೆ ಇದೂ ನಿಮ್ಮ ತಲೆಗೇ ಬರತ್ತೆ. ಆಮೇಲೆ ಆ ಮನೇಲಿ ನಿಮ್ಮ ಕೈಗೆ ನೀರಿನ ಲೋಟಾನೂ ಕೊಡಲ್ಲ."

ಅಷ್ಟರಲ್ಲಿ ಎದುರು ಮನೆಯ ಟೈಲರ್ ಯಾರೂ ಕರೆಯದೆಯೇ ಬಂದು ಹಿಂದಿನ ಸೀಟಿನಲ್ಲಿ ಕೂತುಬಿಟ್ಟ. "ಓಡಿಸಿ. ಈಗ ಒತ್ತಿ. ಹ್ಞಾಂ, ಎಣ್ಣೆ ಕಾಣದ ಹೊಲಿಗೆ ಮಿಷನ್ನು ಹೀಗೇ ಅಳೋದು. ಎರಡು ತೊಟ್ಟು ಬಿಡಿ, ಸರಿಹೋಗತ್ತೆ."

"ಬ್ರೇಕಿಗೆ ಎಣ್ಣೆ ಬಿಟ್ಟು ಎಲ್ಲಿ ನಿಲ್ಲಿಸ್ತೀರಿ, ಪಕ್ಕದೂರಲ್ಲಾ?" ಎನ್ನುತ್ತ ಮಹಡಿ ಮನೆಯ ನಿವೃತ್ತ ಕಾಂಪೌಂಡರು ಸ್ಟೆತಾಸ್ಕೋಪ್ ಹಿಡಿದು ಇಳಿದುಬಂದರು. ಅದನ್ನು ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿ ಕಾರಿನ ಮೈಗೆ ಒತ್ತಿಕೊಂಡು, ಚಲಿಸುವ ಕಾರಿನ ಪಕ್ಕದಲ್ಲಿ ಬಾತುಕೋಳಿಯಂತೆ ಬಗ್ಗಿ ಓಡಿದರು.

"ಎಡಗಡೆ ಉಬ್ಬಸ ಇದೆ," ಎಂದರು ಏದುಸಿರು ಬಿಡುತ್ತ. "ರೋಗಿ ಒಂದ್ಸಲ ಕೆಮ್ಮಬೇಕಲ್ಲ. ಹಾರನ್ ಒತ್ತಿ ನೋಡೋಣ."

ಅಳಿಯ ಒತ್ತಿದ. ಕಾಂಪೌಂಡರು ರಸ್ತೆಯಲ್ಲೇ ಕುಕ್ಕರಿಸಿದರು. ಅಲ್ಲಿಂದ ಮಧ್ಯಾಹ್ನದವರೆಗೆ ಲೋಕದ ಯಾವ ಸದ್ದೂ ಅವರಿಗೆ ಕೇಳಿಸಲಿಲ್ಲ. ಆದರೂ ಗ್ಯಾರೇಜಿಗೆ ಹೋಗುವ ದಾರಿಯುದ್ದಕ್ಕೂ ಮುಂದಿನ ಸೀಟಿನಲ್ಲಿ ಕೂತು, "ಈಗ ಸದ್ದು ನಿಂತಿದೆ, ಮನೆಗೆ ತಿರುಗಿಸಿ," ಎಂದು ಕೂಗುತ್ತಲೇ ಇದ್ದರು.

ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ. "ಬ್ರೇಕ್ ಡಿಸ್ಕು ಸೊಟ್ಟಗಾಗಿದೆ ಸಾರ್, ಅದಕ್ಕೇ ನಡುಕ. ಪ್ಯಾಡು ಸವೆದಿದೆ, ಅದಕ್ಕೇ ಕಿರುಚಾಟ. ಇದು ಇವತ್ತಿನ ಕಾಯಿಲೆ ಅಲ್ಲ, ಹಳೇದು."

ಅಳಿಯನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಎರಡನ್ನೂ ಹೊಸದಾಗಿ ಹಾಕಿಸಿದ. ಕಾರು ಈಗ ಬೆಕ್ಕಿನಂತೆ ಸದ್ದಿಲ್ಲದೆ ನಿಲ್ಲತೊಡಗಿತು.

ಸಂಜೆ ಕಾರು ಒಪ್ಪಿಸಿ, ಶಹಭಾಸ್ ಎನಿಸಿಕೊಳ್ಳಲು ಬೆನ್ನು ಸಿದ್ಧ ಮಾಡಿಕೊಂಡು ನಿಂತ. ಮಾವ ಒಂದು ಸುತ್ತು ಹೋಗಿ ಬಂದರು. ಇಳಿಯುವಾಗ ಅವರ ಮುಖ ಸಪ್ಪೆಯಾಗಿತ್ತು.

"ಏನು ಮಾಡಿದ್ರಿ ಇದಕ್ಕೆ?"

"ರಿಪೇರಿ ಮಾಡಿಸಿದೆ ಮಾವ. ನಡುಕ ಪೂರ್ತಿ ಹೋಯ್ತು."

"ಅಯ್ಯೋ ಪುಣ್ಯಾತ್ಮ. ಡಾಕ್ಟ್ರು, ಮುಲಾಮು, ಬೆಲ್ಟು ಎಲ್ಲ ಮುಗಿಸಿದ ಮೇಲೆ ನನ್ನ ಸೊಂಟನೋವು ಬಗ್ಗಿದ್ದು ಆ ನಡುಕಕ್ಕೇ ಕಣ್ರೀ. ಬೆಳಿಗ್ಗೆ ಇಳಿಜಾರಲ್ಲಿ ನಾಲ್ಕು ಸಲ ಬ್ರೇಕ್ ಒತ್ತಿದ್ರೆ ಸಂಜೆವರೆಗೆ ನೆಟ್ಟಗೆ ಓಡಾಡ್ತಿದ್ದೆ."

"ಇನ್ನು ಇವರ ಸೊಂಟ ನೋಡ್ಕೊಳ್ಳೋರು ಯಾರು?" ಎಂದು ಅತ್ತೆ ಬಾಗಿಲಿನಿಂದಲೇ ಕೇಳಿದರು. ಕೇಳಿದ್ದು ಗಾಳಿಯನ್ನಾದರೂ ನೋಡಿದ್ದು ಅಳಿಯನನ್ನು.

ಅಳಿಯ ಗ್ಯಾರೇಜಿಗೆ ಫೋನು ಮಾಡಿದ. "ನಡುಕ ತೆಗೆಯೋದು ಕಲಿತಿದ್ದೀನಿ ಸಾರ್, ಹಾಕೋದು ಯಾರೂ ಕಲಿಸಿಲ್ಲ," ಎಂದ ಮೆಕ್ಯಾನಿಕ್. "ಹಳೇ ಡಿಸ್ಕು ಆಗಲೇ ಗುಜರಿಗೆ ಹೋಯ್ತು."

ಈಗ ದಿನಾ ಬೆಳಿಗ್ಗೆ ಮಾವ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾರೆ. ಹಿಂದೆ ಕೂತ ಅಳಿಯ ಅವರ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ಗಡಗಡ ಅಲ್ಲಾಡಿಸುತ್ತಾನೆ.

"ನಡುಕ ಪರವಾಗಿಲ್ಲ," ಎನ್ನುತ್ತಾರೆ ಮಾವ. "ಆದ್ರೆ ಸದ್ದಿಲ್ದೆ ಸೊಂಟಕ್ಕೆ ನಂಬಿಕೆ ಬರ್ತಿಲ್ಲ ಅಳಿಯಂದ್ರೆ."

ಅಳಿಯ ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಹಲ್ಲು ಬಿಗಿದು "ಕಿರ್ರ್ರ್" ಎನ್ನುತ್ತಾನೆ.